ಬಿಗಿದ ಕರುಳು

ತಿಂಗಳ ಆ ದಿನಗಳು ಹತ್ತಿರ ಬಂದವೆಂದರೆ ವಾಸಂತಿ ಊಟ ಕಡಿಮೆ ಮಾಡಿಬಿಡುತ್ತಿದ್ದಳು. ಮೊದಲು ಅನ್ನ ಬಿಡುವಳು, ಆಮೇಲೆ ಮಜ್ಜಿಗೆಗೆ ಇಳಿಯುವಳು, ಕೊನೆಗೆ ಬರೀ ಕಾಫಿ. ಹೊಟ್ಟೆಯೊಳಗೆ ಏನೂ ಇರದಿದ್ದರೆ ಹೊರಗೆ ಹೋಗಬೇಕಾದದ್ದೂ ಇರುವುದಿಲ್ಲವಲ್ಲ ಎಂಬುದು ಅವಳ ಉಪಾಯ. ಮೈಲಾಪುರದಲ್ಲಿ ಅವರಿದ್ದ ವಠಾರದ ಹಿತ್ತಿಲಿನಲ್ಲಿ ಎಲ್ಲ ಸಂಸಾರಗಳಿಗೂ ಸೇರಿ ಒಂದೇ ಕಕ್ಕಸು. ಅದರ ತಗಡಿನ ಬಾಗಿಲ ಹಿಂದೆ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತರೆ, ಹಸಿ ಬಟ್ಟೆ ಹಿಂಡಿದ ಹಾಗೆ ಯಾರೋ ಒಳಗಿನಿಂದ ಕರುಳನ್ನು ಹಿಂಡುತ್ತಿದ್ದರು. ಎದ್ದು ನೋಡಿದರೆ ರಕ್ತ. ಮುಟ್ಟಿನ ರಕ್ತದ ದಾರಿ ಬೇರೆ. ಇದು ಹಿಂದಿನಿಂದ ಬಂದದ್ದು. ಒಂದು ಚೊಂಬು ನೀರು ಸುರಿದು, ಸಾಲದೆಂದು ಮತ್ತೊಂದು ಸುರಿದು, ಹೊರಗೆ ಕಾಯುತ್ತಿದ್ದವರ ಮುಖ ನೋಡದೆ ಮನೆಗೆ ಬರುವಳು.

ಅವಳಿಗೆ ಆಗ ಮೂವತ್ತು ದಾಟಿತ್ತು. ಗಂಡ ವಿಶ್ವನಾಥ ಎಗ್ಮೋರಿನ ರೈಲ್ವೆ ಆಫೀಸಿನಲ್ಲಿ ಗುಮಾಸ್ತ. ವಾಸಂತಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದೂರದೂರಿನ ಕರೆಗಳನ್ನು ಜೋಡಿಸುವ ಟ್ರಂಕ್ ಆಪರೇಟರ್. ಬೆಂಗಳೂರು, ಮೈಸೂರಿನ ಕರೆಗಳಿದ್ದರೆ ಕನ್ನಡ ಬಲ್ಲವಳೆಂದು ಅವಳ ಬೋರ್ಡಿಗೇ ಕೊಡುತ್ತಿದ್ದರು. ಮದುವೆಯಾಗಿ ಬಹಳ ವರ್ಷಗಳಾಗಿದ್ದವು, ಮಕ್ಕಳಾಗಿರಲಿಲ್ಲ. ಅತ್ತೆ ಜಾನಕಮ್ಮ ನಂಜನಗೂಡಿನಿಂದ ಮಗನ ಜೊತೆ ಬಂದವರು. ಮದರಾಸಿನ ವಠಾರದಲ್ಲಿದ್ದುಕೊಂಡೂ ಅವರು ಮಡಿಯನ್ನು ಒಂದಿಷ್ಟೂ ಸಡಿಲಿಸಿರಲಿಲ್ಲ. ಮುಟ್ಟಾದಾಗ ಸೊಸೆಗೆ ಹೊರಗಿನ ಜಗುಲಿ, ಬೇರೆ ಚಾಪೆ, ಬೇರೆ ತಟ್ಟೆ. ಕೆಲಸಕ್ಕೆ ಹೋಗಲು ಅಡ್ಡಿಯಿರಲಿಲ್ಲ. ಬಂದ ಮೇಲೆ ಮಾತ್ರ ಹೊಸಿಲು ದಾಟುವ ಹಾಗಿರಲಿಲ್ಲ.

ಹಿಂದಿನಿಂದ ರಕ್ತ ಹೋಗುವ ಸಂಗತಿಯನ್ನು ವಾಸಂತಿ ಯಾರಿಗೂ ಹೇಳದೆ ಬಹಳ ಕಾಲ ತಳ್ಳಿದಳು. ಕೊನೆಗೆ ಸೀರೆಗೆ ಕಲೆಯಾದ ಒಂದು ಸಂಜೆ ಗಂಡನಿಗೆ, "ಮೂಲವ್ಯಾಧಿ ಇರಬೇಕು ಕಣ್ರೀ," ಎಂದಳು. ಲಸ್ ಕಾರ್ನರ್ ಹತ್ತಿರದ ಒಬ್ಬ ಡಾಕ್ಟರು ಅವಳನ್ನು ಕುರ್ಚಿಯಿಂದ ಏಳಿಸದೆಯೇ ಹೌದೆಂದರು, ಮುಲಾಮು ಬರೆದುಕೊಟ್ಟರು. ಅವಳಿಗೆ ಸಮಾಧಾನವೇ ಆಯಿತು. ಮೂಲವ್ಯಾಧಿ ಎಂದರೆ ನಾಲ್ಕು ಜನರೆದುರು ಹೇಳಬಹುದಾದ ಕಾಯಿಲೆ. ಆಫೀಸಿನಲ್ಲಿ ಅರ್ಧ ಜನಕ್ಕೆ ಇತ್ತು. ಮುಟ್ಟಿನ ನೋವಿಗೆಂದು ಬೇರೆ ಹೋದಾಗ ಇನ್ನೊಬ್ಬ ಲೇಡಿ ಡಾಕ್ಟರು, "ಒಂದು ಮಗುವಾದರೆ ಎಲ್ಲ ತಾನಾಗಿ ಸರಿಹೋಗುತ್ತದೆ," ಎಂದಿದ್ದರು. ಎರಡನ್ನೂ ಒಟ್ಟಿಗೆ ಇಟ್ಟು ಯಾರೂ ನೋಡಲಿಲ್ಲ. ವಾಸಂತಿ ಮಾತ್ರ ನೋಡಿದ್ದಳು. ಮುಟ್ಟು ಬಂದಾಗ ಈ ರಕ್ತವೂ ಬರುತ್ತದೆ, ಅದು ನಿಂತಾಗ ಇದೂ ನಿಲ್ಲುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಹೆದರಿಕೆ. ಎರಡು ಕಡೆಯಿಂದಲೂ ರಕ್ತ ಹೋಗುವ ಹೆಂಗಸೆಂದರೆ ಒಳಗೆ ಏನು ಕೊಳೆತಿರಬೇಕು, ಇಂಥವಳಿಗೆ ಮಗುವೆಲ್ಲಿಂದ, ಎಂದು ಅತ್ತೆಯ ದನಿಯಲ್ಲಿ ತಾನೇ ಹೇಳಿಕೊಳ್ಳುವಳು.

ಸಾವಿರದ ಒಂಬೈನೂರ ಅರವತ್ತಮೂರರ ದೀಪಾವಳಿ ಮುಗಿದು ಮಳೆ ಹಿಡಿದಿತ್ತು. ಮೌಂಟ್ ರೋಡಿನಲ್ಲಿ ಬಸ್ಸುಗಳು ನೀರಿನಲ್ಲಿ ದೋಣಿಯ ಹಾಗೆ ಬರುತ್ತಿದ್ದವು. ಆ ಸಲ ವಾಸಂತಿಯ ಹೊಟ್ಟೆ ಎಂದಿನಂತೆ ನೊಂದು ಸುಮ್ಮನಾಗಲಿಲ್ಲ, ಊದಿಕೊಂಡಿತು. ಮಲ ಹೋಗಲಿಲ್ಲ, ಗಾಳಿಯೂ ಹೋಗಲಿಲ್ಲ. ಹರಳೆಣ್ಣೆ ಕುಡಿದಳು, ವಾಂತಿಯಾಯಿತು. ಸೀರೆಯ ನೆರಿಗೆ ಸಡಿಲ ಮಾಡಿಕೊಂಡು ಕೆಲಸಕ್ಕೆ ಹೋದಳು. ಮೈಸೂರಿನ ಯಾರೋ ಮದರಾಸಿನ ಯಾರಿಗೋ ಮದುವೆಯ ಮಾತು ಹೇಳುತ್ತಿದ್ದರು. ಲೈನು ಜೋಡಿಸಿ ಕೈ ತೆಗೆಯುವಷ್ಟರಲ್ಲಿ ಹೊಟ್ಟೆ ಎಂಥ ಹುರಿ ಹೊಡೆಯಿತೆಂದರೆ ಅವಳು ಬೋರ್ಡಿನ ಅಂಚಿಗೆ ಹಣೆಯಿಟ್ಟು ಹಾಗೆಯೇ ಕೆಳಗೆ ಜಾರಿದಳು. ಬಾಯಿಂದ ಹಸಿರು ನೀರು ಹೋಯಿತು. ಆಂಗ್ಲೋ ಇಂಡಿಯನ್ ಸೂಪರ್‌ವೈಸರ್ ಹೆಂಗಸು, ಲೇಟಾಗಿ ಬಂದರೆ ಗುರುಗುಟ್ಟುವವಳು, ತಾನೇ ನೆಲಕ್ಕೆ ಕೂತು ಅವಳ ತಲೆ ಹಿಡಿದುಕೊಂಡಳು. ವಿಶ್ವನಾಥನ ಆಫೀಸಿಗೆ ಫೋನು ಹೋಯಿತು. ಟ್ಯಾಕ್ಸಿಯಲ್ಲಿ ಆಸ್ಪತ್ರೆಗೆ ಸಾಗಿಸಿದರು.

ಮೂಗಿನಿಂದ ಹೊಟ್ಟೆಗೆ ರಬ್ಬರ್ ಕೊಳವೆ, ಕೈಗೆ ಗ್ಲೂಕೋಸು, ಕೆಳಗಿನಿಂದ ಎನಿಮಾ. ಒಂದೆರಡು ದಿನದಲ್ಲಿ ಊತ ಇಳಿಯಿತು, ಸ್ವಲ್ಪ ಗಾಳಿ ಹೋಯಿತು. ಬದುಕಿದೆ ಎಂದುಕೊಂಡಳು. ಆಮೇಲೆ ಸುಣ್ಣದ ನೀರಿನಂಥದ್ದೇನನ್ನೋ ಹಿಂದಿನಿಂದ ಏರಿಸಿ ಎಕ್ಸ್‌ರೇ ತೆಗೆದರು. ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ಇಬ್ಬರು ಸಣ್ಣ ಡಾಕ್ಟರುಗಳು ಇಂಗ್ಲಿಷಿನಲ್ಲಿ ಮಾತಾಡಿಕೊಂಡರು. ಕರುಳಿನ ಕೊನೆಯ ಭಾಗ ಬೆರಳು ಕೂಡ ತೂರದಷ್ಟು ಕಿರಿದಾಗಿದೆ, ಗಡ್ಡೆ, ಬಹುಶಃ ಕ್ಯಾನ್ಸರ್, ಈ ವಯಸ್ಸಿಗೆ ಪಾಪ. ಬೇರೆಯವರ ಸಾವು ನೋವಿನ ಮಾತೆಲ್ಲ ಕಿವಿಯಲ್ಲಿ ಹಾದುಹೋಗುತ್ತಿದ್ದರೂ ಮುಖ ಅಲುಗಿಸದೆ ಕೂರುವುದು ಅವಳ ಕಸುಬು. ಈಗಲೂ ಅವಳ ಮುಖ ಅಲುಗಲಿಲ್ಲ.

ಮಧ್ಯಾಹ್ನ ಡಾಕ್ಟರ್ ಕೌಸಲ್ಯಾ ಬಂದರು. ಹೆಂಗಸರ ವಾರ್ಡಿನ ತಮಿಳು ಡಾಕ್ಟರು, ಗಟ್ಟಿ ಜಡೆ, ಮೆಲುದನಿ. ಕೇಳಬೇಕಾದದ್ದನ್ನು ಒಂದೊಂದಾಗಿ ಕೇಳಿದರು. ಮಂಚದ ಒಂದು ಕಡೆ ವಿಶ್ವನಾಥ, ಇನ್ನೊಂದು ಕಡೆ ಜಾನಕಮ್ಮ ನಿಂತಿದ್ದರು.

"ಹಿಂದಿನಿಂದ ರಕ್ತ ಹೋಗುತ್ತದಲ್ಲಮ್ಮಾ, ಅದಕ್ಕೂ ತಿಂಗಳ ಮುಟ್ಟಿಗೂ ಏನಾದರೂ ಸಂಬಂಧ ಇದೆಯಾ?" ಎಂದು ತಮಿಳಿನಲ್ಲಿ ಕೇಳಿದರು.

ಜಾನಕಮ್ಮನಿಗೆ ತಮಿಳು ಚೆನ್ನಾಗಿ ಅರ್ಥವಾಗುತ್ತಿತ್ತು. ಅವರು ಸೊಸೆಯ ಮುಖ ನೋಡಿದರು.

"ಇಲ್ಲ ಡಾಕ್ಟರ್. ಎಪ್ಪವುಮ್ ವರುಮ್," ಎಂದಳು ವಾಸಂತಿ. ಯಾವಾಗಲೂ ಬರುತ್ತದೆ.

ಕೌಸಲ್ಯಾ ಅದನ್ನೇ ಬರೆದುಕೊಂಡು ಹೋದರು. ಸಂಜೆ ವಿಶ್ವನಾಥನನ್ನು ಕೋಣೆಗೆ ಕರೆಸಿದರು. ಅವನು ಹಿಂತಿರುಗಿದಾಗ ಕರವಸ್ತ್ರದಿಂದ ಕನ್ನಡಕ ಒರೆಸುತ್ತಲೇ ಇದ್ದ. "ಆಪರೇಷನ್ ಮಾಡ್ತಾರಂತೆ. ದೊಡ್ಡ ಡಾಕ್ಟ್ರೇ ಮಾಡ್ತಾರಂತೆ," ಎಂದಷ್ಟೇ ಹೇಳಿದ.

"ಏನು ಮಾಡ್ತಾರೆ? ಬಿಡಿಸಿ ಹೇಳಿ."

"ಕೆಟ್ಟಿರೋದನ್ನ ತೆಗೀತಾರೆ. ಆಮೇಲೆ..." ಅವನು ಕಿಟಕಿಯ ಕಡೆ ತಿರುಗಿದ.

ಆ ಆಮೇಲೆ ಏನೆಂಬುದು ಅವಳಿಗೆ ತಿಳಿದದ್ದು ಪಕ್ಕದ ಮಂಚದಿಂದ. ಅಲ್ಲಿದ್ದವಳ ಹೆಸರು ಅಕ್ಕು. ಕುಂದಾಪುರದ ಕಡೆಯವಳು, ವಯಸ್ಸಾದವಳು. ಗಂಡ ಮೋನಪ್ಪ ಟ್ರಿಪ್ಲಿಕೇನಿನ ಒಂದು ಉಡುಪಿ ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಿದ್ದ. ಬೆಳಿಗ್ಗೆ ನರ್ಸು ಬಂದು ಪರದೆ ಸರಿಯಾಗಿ ಎಳೆಯದೆ ಅಕ್ಕುವಿನ ಹೊಟ್ಟೆಯ ಬಟ್ಟೆ ಬಿಚ್ಚಿದಳು. ಎಡಗಡೆ, ಸೀರೆಯ ಗಂಟು ಬರುವಲ್ಲಿ, ಕೆಂಪಗೆ ಒಂದು ಬಾಯಿ. ಅದರಿಂದ ಮಲ ಬರುತ್ತಿತ್ತು, ಅವಳ ಇಚ್ಛೆಯನ್ನು ಕೇಳದೆ, ತಾನೇ ತಾನಾಗಿ. ವಾಸಂತಿ ಮುಖ ತಿರುಗಿಸುವಷ್ಟರಲ್ಲಿ ಅಕ್ಕು ನೋಡಿಬಿಟ್ಟಳು.

"ಎಂತ ಮಾರಾಯ್ತಿ, ಹೆದರಿದೆಯಾ? ನನಗೆ ಕೆಳಗಿನ ದಾರಿ ಹೊಲಿದು ಮುಚ್ಚಿಬಿಟ್ಟಿದ್ದಾರೆ. ಇನ್ನು ಎಲ್ಲ ಇಲ್ಲಿಂದಲೇ."

"ಯಾವಾಗ ಸರಿ ಮಾಡ್ತಾರೆ?"

"ಸರಿ ಮಾಡುವುದು ಎಂತ ಉಂಟು? ಸಾಯುವವರೆಗೆ ಹೀಗೇ."

"ನಿಮಗೇನಾಗಿತ್ತು?"

"ನಿನಗೆ ಆದದ್ದೇ ಅಂತ ನರ್ಸಮ್ಮ ಹೇಳಿದ್ದಾಳೆ," ಎಂದಳು ಅಕ್ಕು, ಯಾವ ಕಹಿಯೂ ಇಲ್ಲದೆ.

ವಾಸಂತಿ ಆ ದಿನವೆಲ್ಲ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಸಾಯುವ ಭಯಕ್ಕಿಂತ ಈಗ ಇದರ ಭಯ ಮುಂದೆ ಬಂದು ಕೂತಿತು. ಹೆಡ್‌ಸೆಟ್ ಹಾಕಿಕೊಂಡು ಸಾಲಾಗಿ ಕೂರುವ ಹುಡುಗಿಯರ ನಡುವೆ ಈ ವಾಸನೆ ಹೊತ್ತು ಕೂರುವುದು. ಜಾನಕಮ್ಮನ ಮನೆಯಲ್ಲಿ ಹೊಟ್ಟೆಯ ಮೇಲೆ ಕಕ್ಕಸು ಕಟ್ಟಿಕೊಂಡು ಓಡಾಡುವುದು. ಆಮೇಲೆ ತಿಂಗಳಿಗೆ ಮೂರು ದಿನವಲ್ಲ, ಬದುಕೆಲ್ಲ ಜಗುಲಿಯೇ. ವಿಶ್ವನಾಥ ಪಕ್ಕದಲ್ಲಿ ಮಲಗುತ್ತಾನೆಯೇ? ಇದೆಲ್ಲ ಆಗುವುದು ತಾನು ಒಂದು ಪ್ರಶ್ನೆಗೆ ಸುಳ್ಳು ಹೇಳಿದ್ದರಿಂದಲೋ ಏನೋ ಎಂಬ ಯೋಚನೆ ಹೊಕ್ಕಿದ್ದೇ ಹೊಕ್ಕಿದ್ದು, ಬಿಡಲಿಲ್ಲ. ಆ ಡಾಕ್ಟರಮ್ಮ ಸುಮ್ಮನೆ ಕೇಳಿರಲಾರಳು. ಅದಕ್ಕೆ ಏನೋ ಅರ್ಥವಿರಬೇಕು. ಹೌದೆಂದಿದ್ದರೆ ಏನು ಬರೆದುಕೊಳ್ಳುತ್ತಿದ್ದಳು?

ಆಪರೇಷನ್ನಿನ ಹಿಂದಿನ ದಿನ ದೊಡ್ಡ ಡಾಕ್ಟರು ರೌಂಡ್ಸಿಗೆ ಬಂದರು. ಅವರ ಹಿಂದೆ ಬಿಳಿ ಕೋಟಿನ ವಿದ್ಯಾರ್ಥಿಗಳ ಹಿಂಡು, ಕೌಸಲ್ಯಾ, ಹೆಡ್ ನರ್ಸು. ಡಾಕ್ಟರ್ ಕಮಲಾಕರ ಎಂದರೆ ವಾರ್ಡಿನಲ್ಲಿ ಬಕೆಟ್ಟಿನ ಸದ್ದು ಕೂಡ ನಿಲ್ಲುತ್ತಿತ್ತು. ಅವರು ಅಕ್ಕುವಿನ ಮಂಚದ ಬಳಿ ನಿಂತು, "ಎಂತ ಅಕ್ಕು, ಗಂಜಿ ಸೇರ್ತದಾ?" ಎಂದರು.

ವಾಸಂತಿ ತಲೆಯೆತ್ತಿದಳು. ಕನ್ನಡ! ಮಂಗಳೂರಿನ ಕಡೆಯ ಕನ್ನಡ.

"ಸೇರ್ತದೆ ಡಾಕ್ಟ್ರೇ. ಉಪ್ಪಿನಕಾಯಿ ಕೊಡುವುದಿಲ್ಲ ಈ ನರ್ಸಮ್ಮ," ಎಂದಳು ಅಕ್ಕು.

ಅವರು ನಕ್ಕು ಈ ಮಂಚಕ್ಕೆ ಬಂದರು. ಇಂಗ್ಲಿಷಿನಲ್ಲಿ ವಿದ್ಯಾರ್ಥಿಗಳಿಗೆ ವಿವರಿಸತೊಡಗಿದರು. ವಾಸಂತಿಗೆ ಪ್ರತಿಯೊಂದು ಮಾತೂ ತಿಳಿಯುತ್ತಿತ್ತು. ಕೆಳಗಿನ ದಾರಿ, ಶಾಶ್ವತ, ಎಂಬ ಪದಗಳು ಬಂದವು. ಇಷ್ಟು ಗಂಡಸರ ನಡುವೆ ಇಂಗ್ಲಿಷಿನಲ್ಲಾಗಲಿ ತಮಿಳಿನಲ್ಲಾಗಲಿ ಆ ಮಾತು ಬಾಯಿಂದ ಬರುವುದು ಸಾಧ್ಯವೇ ಇರಲಿಲ್ಲ. ಕನ್ನಡದಲ್ಲಿ ಹೇಳಿದರೆ ಈ ಹುಡುಗರಿಗೆ ಅರ್ಥವಾಗದು. ಆದರೆ ಕನ್ನಡದಲ್ಲಿ ಹೇಳುವುದೆಂದರೆ ತಾಯಿಯೆದುರು ಬಟ್ಟೆ ಬಿಚ್ಚಿದ ಹಾಗೆ. ಅಡಗಲು ಏನೂ ಉಳಿಯದು. ಡಾಕ್ಟರು ಮುಂದಿನ ಮಂಚದ ಕಡೆ ತಿರುಗಿದರು.

"ಡಾಕ್ಟರ್, ನಾನೂ ಕನ್ನಡದೋಳು."

ಅವರು ನಿಂತರು. "ಹೌದಾ? ಯಾವ ಊರು ನಿಮ್ಮದು?"

"ನಂಜನಗೂಡು. ನಿಮಗೊಂದು ಮಾತು ಹೇಳ್ಬೇಕಿತ್ತು. ಕನ್ನಡದಲ್ಲೇ ಹೇಳ್ತೀನಿ."

"ಹೇಳಿ."

"ಆ ರಕ್ತ ಯಾವಾಗ್ಲೂ ಹೋಗಲ್ಲ. ನಾನು ಹೊರಗೆ ಕೂತಾಗ ಮಾತ್ರ."

"ಹೊರಗೆ ಅಂದರೆ? ಎಲ್ಲಿ?"

ವಾಸಂತಿ ಕಣ್ಣು ಮುಚ್ಚಿಕೊಂಡಳು. "ಮುಟ್ಟಾದಾಗ. ಆಗ ಮಾತ್ರ ಎರಡೂ ಕಡೆಯಿಂದ ಹೋಗುತ್ತೆ. ನೋವೂ ಆಗ್ಲೇ. ಮಿಕ್ಕ ದಿನ ಏನೂ ಇರಲ್ಲ. ಡಾಕ್ಟರಮ್ಮ ಕೇಳಿದ್ರು. ನಾನು ಸುಳ್ಳು ಹೇಳ್ದೆ."

ಕಣ್ಣು ತೆರೆದಾಗ ಕಮಲಾಕರ ಅವಳ ಮಂಚದ ಅಂಚಿನಲ್ಲಿ ಕೂತಿದ್ದರು. ವಾರ್ಡಿನಲ್ಲಿ ಅವರು ಕೂತದ್ದನ್ನು ಯಾರೂ ಕಂಡಿರಲಿಲ್ಲ. ಎಷ್ಟು ವರ್ಷದಿಂದ, ಮೊದಲಿಂದ ಹೀಗೆಯೋ ಬರಬರುತ್ತಾ ಹೆಚ್ಚಾಯಿತೋ, ತೂಕ ಇಳಿದಿದೆಯೋ, ಗಂಡನ ಜೊತೆಗಿರುವಾಗ ಒಳಗೆ ನೋಯುತ್ತದೆಯೋ, ಎಲ್ಲ ಕೇಳಿದರು. ಅವಳು ಉತ್ತರಿಸಿದಳು. ಒಂದು ಸಲ ಬಾಯಿ ಬಿಟ್ಟ ಮೇಲೆ ನಿಲ್ಲಲಿಲ್ಲ.

"ಮುಂಚೆ ಯಾಕೆ ಹೇಳಲಿಲ್ಲ ನೀವು?"

"ಹೆದರಿಕೆ."

"ಎಂತದಕ್ಕೆ?"

"ಇಂಥೋಳನ್ನ ಯಾರು ಮನೇಲಿಟ್ಕೋತಾರೆ ಅಂತ."

ಡಾಕ್ಟರು ಎದ್ದು ಕೌಸಲ್ಯಾ ಅವರೊಡನೆ ದೂರ ಹೋಗಿ ಮಾತಾಡಿದರು. ನಾಳೆಯ ಆಪರೇಷನ್ ನಿಂತಿತು. ಕೌಸಲ್ಯಾ ಪರದೆ ಎಳೆದು ಇನ್ನೊಮ್ಮೆ ಒಳಗೆ ಪರೀಕ್ಷೆ ಮಾಡಿದರು. ಗರ್ಭಕೋಶದ ಹಿಂದೆ ಬೆರಳು ತಾಗಿದಲ್ಲಿ ವಾಸಂತಿ ಚೀರಿದಳು. "ಗಂಟುಗಂಟಾಗಿದೆ," ಎಂದರು ಅವರು ತಮಗೆ ತಾವೇ ಎಂಬಂತೆ.

ಎರಡು ದಿನದ ನಂತರ ಕಮಲಾಕರ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಕರೆಯದಿದ್ದರೂ ಜಾನಕಮ್ಮ ಬಾಗಿಲಲ್ಲಿ ನಿಂತಿದ್ದರು.

"ಇದು ಬೇರೆಯೇ ಇರಬಹುದು. ಎಂಡೊಮೆಟ್ರಿಯೋಸಿಸ್ ಅಂತ. ಗರ್ಭಕೋಶದ ಒಳಗಿನ ಪದರ ಉಂಟಲ್ಲ, ಅಂಥದ್ದೇ ಹೊರಗೆ ಕರುಳಿನ ಮೇಲೆ ಬೆಳೆದು ಕೂತಿರ್ತದೆ. ಪ್ರತಿ ತಿಂಗಳು ಅಲ್ಲಿಯೂ ರಕ್ತ ಒಸರ್ತದೆ. ಗಾಯ ಆಗ್ತದೆ, ಮಾಯ್ತದೆ, ಮತ್ತೆ ಆಗ್ತದೆ. ಹಾಗೆ ಆಗಿ ಆಗಿ ಕರುಳು ಬಿಗಿದುಕೊಂಡಿದೆ. ಅದೇ ಆದರೆ ಕ್ಯಾನ್ಸರ್ ಅಲ್ಲ. ಬಿಗಿದ ತುಂಡನ್ನು ಕತ್ತರಿಸಿ ತೆಗೆದು, ಎರಡು ತುದಿ ಜೋಡಿಸಬಹುದು. ಕೆಳಗಿನ ದಾರಿ ಉಳೀತದೆ."

"ಅದೇ ಆಗಿರುತ್ತಾ?" ಎಂದಳು ವಾಸಂತಿ.

"ಹೊಟ್ಟೆ ತೆರೆದು ನೋಡದೆ ನಾನು ಹೇಳುವುದಿಲ್ಲ. ಇನ್ನೊಂದು ವಿಷಯ. ಅಂಡಾಶಯ ಎರಡೂ ತೆಗೆದರೆ ಮುಟ್ಟೂ ನಿಲ್ತದೆ, ಈ ಕಾಯಿಲೆಯೂ ತಣ್ಣಗಾಗ್ತದೆ. ಬಿಟ್ಟರೆ ತಿರುಗಿ ಬಂದರೂ ಬಂತು."

"ತೆಗೆದುಬಿಡಿ ಸಾರ್," ಎಂದ ವಿಶ್ವನಾಥ ಥಟ್ಟನೆ. "ಎಲ್ಲಾ ತೆಗೆದುಬಿಡಿ. ಇವಳು ಬದುಕಿದ್ರೆ ಸಾಕು."

ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ವಾಸಂತಿ ಕೇಳಿರಲಿಲ್ಲ. ಅವನ ಕುತ್ತಿಗೆಯ ನರ ಉಬ್ಬಿತ್ತು. ಅವಳು ಬಾಗಿಲಿನ ಕಡೆ ನೋಡಿದಳು.

ಜಾನಕಮ್ಮ, "ನನ್ನ ಮುಖ ಯಾಕೆ ನೋಡ್ತೀಯ? ಮಗು ಆಗ್ಲೇಬೇಕು ಅಂತ ನಾನು ಯಾವತ್ತಾದ್ರೂ ಅಂದಿದ್ನಾ?" ಎಂದರು.

"ಅಂದಿದ್ರಿ ಅತ್ತೆ. ಬೇಕಾದಷ್ಟು ಸಲ."

ಜಾನಕಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. "ಅಂದಿದ್ರೆ ಅಂದಿರ್ತೀನಿ. ಈಗ ಅನ್ನಲ್ಲ. ಡಾಕ್ಟ್ರು ಹೇಳಿದ ಹಾಗೆ ಮಾಡು."

ಡಾಕ್ಟರು ವಾಸಂತಿಯನ್ನೇ ನೋಡುತ್ತಿದ್ದರು. ಅವಳು ಕೇಳಿದಳು, "ಎರಡೂ ತೆಗೆದ್ರೆ ನಾನು ಹೇಗಿರ್ತೀನಿ?"

"ಈಗಲೇ ಐವತ್ತು ವರ್ಷದವರಿಗೆ ಆಗುವುದೆಲ್ಲ ನಿಮಗೆ ಆಗ್ತದೆ. ಮೈ ಬಿಸಿಯಾಗುವುದು, ಮೂಳೆ ಸವೆಯುವುದು."

"ಒಂದಾದ್ರೂ ಚೆನ್ನಾಗಿದ್ರೆ ಬಿಡಿ. ತಿರುಗಿ ಬಂದ್ರೆ ಬರ್ಲಿ. ಈಗ ಎಲ್ಲಾನೂ ಒಂದೇ ಸಲ ಕೊಡೋಕೆ ನನಗೆ ಧೈರ್ಯ ಇಲ್ಲ."

"ಆಯಿತು," ಎಂದರು ಕಮಲಾಕರ. "ಒಳಗೆ ಕ್ಯಾನ್ಸರ್ ಕಂಡರೆ ಮಾತ್ರ ನಾನು ನಿಮ್ಮ ಮಾತು ಕೇಳುವುದಿಲ್ಲ. ಮೊದಲು ಯೋಚಿಸಿದ ಹಾಗೆ ದೊಡ್ಡದೇ ಮಾಡುವುದು. ಅದಕ್ಕೂ ಒಪ್ಪಬೇಕು."

ಅದಕ್ಕೂ ಒಪ್ಪಿದಳು. ಹಾಗಾಗಿ ಎಚ್ಚರವಾದಾಗ ತನ್ನ ಮೈಯಲ್ಲಿ ಏನಿರುತ್ತದೆ, ಏನಿರುವುದಿಲ್ಲ ಎಂಬುದು ತಿಳಿಯದೆಯೇ ಅವಳು ಥಿಯೇಟರಿಗೆ ಹೋಗಬೇಕಾಯಿತು.

ಆ ಬೆಳಿಗ್ಗೆ ಗಾಲಿ ಮಂಚದ ಮೇಲೆ ಮಲಗಿಸಿ ತಳ್ಳಿಕೊಂಡು ಹೋಗುವಾಗ ತಲೆಯ ಮೇಲೆ ಪಡಸಾಲೆಯ ದೀಪಗಳು ಒಂದೊಂದಾಗಿ ಹಾದುಹೋದವು. ವಿಶ್ವನಾಥ ಪಕ್ಕದಲ್ಲಿ ನಡೆಯುತ್ತಿದ್ದವನು ಬಾಗಿಲಿನಲ್ಲಿ ನಿಂತುಬಿಟ್ಟ. ಅವನ ಕೈ ಅವಳ ಕೈಯಿಂದ ಕಳಚಿಕೊಂಡಿತು. ಒಳಗೆ ಚಳಿ, ಸ್ಪಿರಿಟ್ಟಿನ ಘಾಟು. ದೊಡ್ಡ ದೀಪದಡಿ ಹಸಿರು ಬಟ್ಟೆ ತೊಟ್ಟವರ ಕಣ್ಣುಗಳಷ್ಟೇ ಕಾಣುತ್ತಿದ್ದವು. ಯಾವುದು ಕಮಲಾಕರ ಎಂದು ಹುಡುಕಿದಳು, ಸಿಗಲಿಲ್ಲ. ತೋಳಿಗೆ ಸೂಜಿ ಚುಚ್ಚಿದರು. ಈಗಲೇ ಎದ್ದು ಓಡಿಹೋಗಬೇಕು, ನೋವಿದ್ದರೂ ಚಿಂತೆಯಿಲ್ಲ, ನೋವಿನ ಜೊತೆಗೆ ಬದುಕುತ್ತೇನೆ ಎಂದು ಹೇಳಲು ಬಾಯಿ ತೆರೆದಳು. ರಬ್ಬರಿನ ವಾಸನೆಯ ಮುಖವಾಡ ಕೆಳಗಿಳಿದು ಬಂತು.

ಎಚ್ಚರವಾದಾಗ ಗಂಟಲು ಸುಡುತ್ತಿತ್ತು. ಹೊಟ್ಟೆಯ ಮೇಲೆ ಯಾರೋ ಒರಳುಕಲ್ಲು ಇಟ್ಟಿದ್ದರು. ಏನೊಂದೂ ನೆನಪಾಗುವ ಮುಂಚೆಯೇ ಅವಳ ಬಲಗೈ ಹೊದಿಕೆಯೊಳಗೆ ತಡಕಿಕೊಂಡು ಹೋಯಿತು. ನಡುವೆ ಉದ್ದಕ್ಕೆ ಪಟ್ಟಿ. ಅದರ ಪಕ್ಕಕ್ಕೆ, ಹೊಕ್ಕುಳಿನ ಮೇಲೆ ಬಲಗಡೆ, ದಪ್ಪನೆಯ ಹತ್ತಿ. ಹತ್ತಿಯಡಿ ಗಟ್ಟಿಯಾಗಿ ಏನೋ, ಕಡ್ಡಿಯ ಹಾಗೆ. ಕಡ್ಡಿಯ ಕೆಳಗೆ ಮೆತ್ತಗೆ, ಬೆಚ್ಚಗೆ ಇನ್ನೇನೋ.

ಅವಳು ಕೈಯನ್ನು ಬೆಂಕಿ ಮುಟ್ಟಿದವಳಂತೆ ಹಿಂದೆಗೆದುಕೊಂಡಳು. ಮುಗಿಯಿತು. ಕ್ಯಾನ್ಸರೇ. ಕೆಳಗಿನ ದಾರಿ ಹೊಲಿದುಬಿಟ್ಟಿದ್ದಾರೆ. ಅಳಲು ಹೋದರೆ ಹೊಲಿಗೆ ಎಳೆದು ಅಳುವೂ ಬರಲಿಲ್ಲ. ಕಣ್ಣೀರು ಮಾತ್ರ ಕಿವಿಗೆ ಇಳಿಯಿತು.

"ಭಯಪಡಾದೀಂಗಮ್ಮಾ," ಕೌಸಲ್ಯಾ ಅವರ ಮುಖ ಮೇಲೆ ಬಾಗಿತು. ಹೆದರಬೇಡಿ, ಕೇಳಿ, ಎಂದು ತಮಿಳಿನಲ್ಲಿ ನಿಧಾನವಾಗಿ ಹೇಳಿದರು. ಒಳಗೆ ಕಂಡದ್ದು ಆ ಬೇರೆ ಕಾಯಿಲೆಯೇ. ಎಡಗಡೆಯ ಅಂಡಾಶಯದಲ್ಲಿ ಕಾಫಿ ಡಿಕಾಕ್ಷನ್ನಿನಂಥ ಹಳೆಯ ರಕ್ತ ತುಂಬಿತ್ತು, ಅದನ್ನು ತೆಗೆದಿದ್ದೇವೆ. ಬಲಗಡೆಯದು ಇದೆ. ಗರ್ಭಕೋಶವೂ ಇದೆ. ಬಿಗಿದಿದ್ದ ಕರುಳಿನ ತುಂಡು ತೆಗೆದು, ಉಳಿದ ತುದಿಗಳನ್ನು ಜೋಡಿಸಿದ್ದೇವೆ. ಆ ಜೋಡಣೆ ಮಾಯುವ ತನಕ ಮಲ ಅತ್ತ ಹೋಗದ ಹಾಗೆ ಮೇಲೆ ಒಂದು ದಾರಿ ಮಾಡಿದ್ದೇವೆ. ಮಾಯ್ದ ಮೇಲೆ ಇದನ್ನು ಮುಚ್ಚುತ್ತೇವೆ.

ವಾಸಂತಿ ಅವರ ಕಣ್ಣನ್ನೇ ನೋಡಿದಳು. ಒಂದು ಮಾತನ್ನೂ ನಂಬಲಿಲ್ಲ. ಸಾಯುವವರಿಗೆ ಹೀಗೆಯೇ ಹೇಳುತ್ತಾರೆ ಎಂದುಕೊಂಡಳು.

ತೆಗೆದ ತುಂಡನ್ನು ಪರೀಕ್ಷೆಗೆ ಕಳಿಸಿದ್ದರು. ಅದರ ಫಲಿತಾಂಶ ಬರುವವರೆಗೆ ಅವಳು ಎಲ್ಲರ ಮುಖ ಓದುತ್ತಾ ಕಳೆದಳು. ವಿಶ್ವನಾಥ ನಕ್ಕರೆ ಅದು ಸುಳ್ಳು ನಗುವೆಂದೂ, ನಗದಿದ್ದರೆ ಕೆಟ್ಟ ಸುದ್ದಿಯೆಂದೂ ತಿಳಿದಳು. ನಡುವೆ ಜ್ವರ ಬಂತು. ಜೋಡಣೆ ಬಿಟ್ಟುಕೊಂಡಿತೋ ಏನೋ ಎಂದು ಡಾಕ್ಟರುಗಳು ಮೇಲಿಂದ ಮೇಲೆ ಬಂದು ಹೊಟ್ಟೆ ಒತ್ತಿ ನೋಡಿದರು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅವಳ ಮಂಚವನ್ನು ನರ್ಸಿನ ಮೇಜಿನ ಹತ್ತಿರಕ್ಕೆ ಸರಿಸಿದರು. ಅದೊಂದರಿಂದಲೇ ಅವಳಿಗೆ ಎಲ್ಲ ತಿಳಿಯಿತು. ಪೆನಿಸಿಲಿನ್ ಚುಚ್ಚಿ ಚುಚ್ಚಿ ಎರಡೂ ಪಿರ್ರೆಗಳು ಗಂಟು ಕಟ್ಟಿದವು. ಆಮೇಲೆ ಜ್ವರ ತಾನಾಗಿ ಇಳಿಯಿತು. ಅವಳನ್ನು ಮತ್ತೆ ಅಕ್ಕುವಿನ ಪಕ್ಕಕ್ಕೆ ತಂದರು.

ಫಲಿತಾಂಶ ಬಂದ ಬೆಳಿಗ್ಗೆ ಕಮಲಾಕರ ವಾರ್ಡಿನ ಆ ತುದಿಯಿಂದಲೇ, "ವಾಸಂತಿಯವರೇ, ಕ್ಯಾನ್ಸರ್ ಇಲ್ಲ! ಎಲ್ಲಿಯೂ ಇಲ್ಲ!" ಎಂದು ಕನ್ನಡದಲ್ಲಿ ಕೂಗಿದರು. ವಾರ್ಡಿನಲ್ಲಿ ಅದು ಅರ್ಥವಾದದ್ದು ಅವಳಿಗೂ ಅಕ್ಕುವಿಗೂ ಮಾತ್ರ. ಅಕ್ಕು ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ವಾಸಂತಿಗೆ ಅವಳ ಮುಖ ನೋಡಲು ಆಗಲಿಲ್ಲ.

"ನನ್ನನ್ನು ಯಾಕೆ ನೋಡುವುದಿಲ್ಲ ನೀನು?" ಎಂದಳು ಅಕ್ಕು. "ನಿನ್ನದು ಮುಚ್ಚಿ ಹೋಗುವ ಬಾಯಿ. ಸ್ವಲ್ಪ ದಿವಸದ ನೆಂಟಸ್ತಿಕೆ. ಮೊದಲು ಅದನ್ನು ನೋಡು. ನೋಡದಿದ್ದರೆ ಇನ್ನೂ ಹೆದರಿಕೆ ಆಗ್ತದೆ."

ಅಕ್ಕುವಿನ ಒತ್ತಾಯಕ್ಕೆ ಅವಳು ನೋಡಿದಳು. ತುಟಿಯ ಒಳಭಾಗದ ಹಾಗೆ ಕೆಂಪಗೆ, ತೇವವಾಗಿ ಇತ್ತು. ಅದು ಒಳಗೆ ಜಾರದ ಹಾಗೆ ಅಡಿಯಲ್ಲಿ ಒಂದು ಗಾಜಿನ ಕಡ್ಡಿ ತೂರಿಸಿದ್ದರು. ಮುಟ್ಟಿದರೆ ನೋವಾಗಲಿಲ್ಲ, ಏನೂ ಆಗಲಿಲ್ಲ. ತನ್ನದೇ ಮೈಯ ತುಂಡೊಂದು ತನಗೆ ತಿಳಿಯದ ಹಾಗೆ ಹೊರಗೆ ಬಂದು ಕೂತಿದೆ ಎನಿಸಿ ಮೈ ಜುಮ್ಮೆಂದಿತು. ಆದರೂ ಕಣ್ಣು ಕೀಳಲಿಲ್ಲ. ಬಟ್ಟೆ ಹೇಗೆ ಮಡಿಸಿಡಬೇಕು, ಸುತ್ತಲ ಚರ್ಮ ಸುಡದ ಹಾಗೆ ಮುಲಾಮು ಎಲ್ಲಿಗೆ ಹಚ್ಚಬೇಕು, ಯಾವುದು ತಿಂದರೆ ವಾಸನೆ ಹೆಚ್ಚು ಎಂದೆಲ್ಲ ಅಕ್ಕು ಹೇಳಿಕೊಟ್ಟಳು. ಕೆಲವು ದಿನಗಳ ಮೇಲೆ ಮೋನಪ್ಪ ಬಂದು ಹೆಂಡತಿಯನ್ನು ಮಂಗಳೂರು ಮೇಲ್ ರೈಲಿನಲ್ಲಿ ಊರಿಗೆ ಕರೆದುಕೊಂಡು ಹೋದ. ಆಮೇಲೆ ಅವಳೇನಾದಳೆಂದು ತಿಳಿಯಲಿಲ್ಲ.

ಮನೆಗೆ ಬಂದ ವಾಸಂತಿಗೆ ಜಗುಲಿಯಲ್ಲಿಯೇ ಹಾಸಿಗೆ ಹಾಸಿತ್ತು. ಅವಳು ನಿರೀಕ್ಷಿಸಿದ್ದೇ ಅದು. ಆದರೆ ಬಟ್ಟೆಗಳನ್ನು ಒಗೆಯಲೆಂದು ಅವಳು ಬಗ್ಗಿದಾಗ ಜಾನಕಮ್ಮ ಬಕೆಟ್ಟನ್ನು ಕಾಲಿನಿಂದ ತಮ್ಮ ಕಡೆ ಎಳೆದುಕೊಂಡರು. "ಹೊಲಿಗೆ ಬಿಟ್ಟುಕೊಂಡ್ರೆ ಯಾರು ನೋಡ್ತಾರೆ? ಹೋಗು, ಮಲಗು." ದಿನವೂ ಬೆಳಿಗ್ಗೆ, ಸ್ನಾನಕ್ಕೆ ಮುಂಚೆ, ಮೂಗಿಗೆ ಸೆರಗು ಕಟ್ಟಿಕೊಂಡು ಬಾವಿಕಟ್ಟೆಯಲ್ಲಿ ಆ ಬಟ್ಟೆಗಳನ್ನು ಅವರೇ ಒಗೆದರು. ವಠಾರದವರು ಮೂಗು ಮುರಿದರೆ, "ನಿಮ್ಮನೇಲಿ ಯಾರೂ ಹೇಲೋದಿಲ್ವಾ?" ಎಂದು ತಮಿಳಿನಲ್ಲೇ ಕೇಳಿದರು. ಒಗೆದು, ತಲೆಗೆ ನೀರು ಹಾಕಿಕೊಂಡು ಅಡಿಗೆಮನೆಗೆ ಹೋಗುವರು. ಸೊಸೆಯನ್ನು ಮಾತ್ರ ಒಮ್ಮೆಯೂ ಅದರ ಹೊಸಿಲು ದಾಟಗೊಡಲಿಲ್ಲ. ಎರಡೂ ಅವರಿಗೆ ಸರಿಯೇ ಆಗಿತ್ತು. ವಾಸಂತಿಗೆ ಸಿಟ್ಟು ಬಂತು, ಅಳು ಬಂತು, ಎರಡರಲ್ಲಿ ಯಾವುದನ್ನು ತೋರಿಸಬೇಕೋ ತಿಳಿಯಲಿಲ್ಲ. ವಿಶ್ವನಾಥ ಮನೆಯೊಳಗಿನ ತನ್ನ ಹಾಸಿಗೆಯನ್ನು ಸುತ್ತಿ ತಂದು ಜಗುಲಿಯಲ್ಲಿ ಅವಳ ಪಕ್ಕಕ್ಕೆ ಹಾಕಿಕೊಂಡ. ಅದಕ್ಕೆ ತಾಯಿ ಮಗ ಎರಡು ದಿನ ಮಾತು ಬಿಟ್ಟಿದ್ದರು.

ಬೇಸಿಗೆಗೆ ಮುಂಚೆ ಇನ್ನೊಮ್ಮೆ ಆಸ್ಪತ್ರೆಗೆ ಸೇರಿ ಆ ಬಾಯಿ ಮುಚ್ಚಿಸಿಕೊಂಡಳು. ಇದು ಸಣ್ಣ ಆಪರೇಷನ್ ಎಂದು ಎಲ್ಲರೂ ಹೇಳಿದರು. ಹೆದರಿಕೆ ಮಾತ್ರ ಸಣ್ಣದಾಗಿರಲಿಲ್ಲ. ಇಷ್ಟು ದಿನ ಸುಮ್ಮನೆ ಬಿದ್ದಿದ್ದ ದಾರಿ ತಿರುಗಿ ನಡೆಯುತ್ತದೆಯೇ, ಜೋಡಿಸಿದ ಜಾಗ ತಡೆಯುತ್ತದೆಯೇ? ಕಮಲಾಕರ ದಿನವೂ ಬಂದು, "ಗಾಳಿ ಹೋಯಿತಾ?" ಎಂದು ಕೇಳುವರು. ಇಲ್ಲವೆಂದರೆ ತಲೆಯಾಡಿಸಿ ಹೋಗುವರು. ಹೊಟ್ಟೆ ಮತ್ತೆ ಊದತೊಡಗಿತು. ಅವಳು ಹೊಟ್ಟೆಯ ಮೇಲೆ ಕೈಯಿಟ್ಟು, ಮೂಗಿನ ಕೊಳವೆ ಮತ್ತೆ ಬರುತ್ತದೆಂದು ಕಾಯುತ್ತಾ ಮಲಗಿದ್ದಳು. ಒಂದು ಬೆಳಿಗ್ಗೆ ನರ್ಸು ಹಾಸಿಗೆಯ ಬಟ್ಟೆ ಬದಲಿಸುವಾಗ, ಅವಳು ಪಕ್ಕಕ್ಕೆ ಹೊರಳಿದ್ದೇ ತಡ, ಎಲ್ಲರಿಗೂ ಕೇಳಿಸುವಷ್ಟು ಜೋರಾಗಿ ಗಾಳಿ ಹೋಯಿತು. ನರ್ಸು ಚಪ್ಪಾಳೆ ತಟ್ಟಿದಳು. ವಾಸಂತಿ ನಾಚಿಕೆಪಡಲು ಮರೆತು ನಕ್ಕಳು. ನಗುವಾಗ ಹೊಲಿಗೆ ಎಳೆಯಿತು, ಆದರೂ ನಕ್ಕಳು.

ಕೆಲಸಕ್ಕೆ ಮರಳಿದಳು. ಮುಂದೆ ಮಕ್ಕಳಾಗಲಿಲ್ಲ. ಉಳಿದ ಒಂದು ಅಂಡಾಶಯದಿಂದ ಮುಟ್ಟು ಬರುತ್ತಲೇ ಇತ್ತು. ಅದರ ಜೊತೆಗೆ ಕೆಲವು ತಿಂಗಳು ಹಳೆಯ ನೋವಿನ ಸುಳಿವೂ ಬರುತ್ತಿತ್ತು. ಕಮಲಾಕರ ಮೊದಲೇ ಹೇಳಿದ್ದರು, ಬಂದರೂ ಬಂತು ಎಂದು. ಆ ದಿನಗಳು ಹತ್ತಿರವಾದಂತೆ ಅವಳು ಮಾತು ಕಡಿಮೆ ಮಾಡಿ, ಒಳಗೆ ಯಾರೋ ಕದ್ದು ನಡೆಯುತ್ತಿರುವ ಸದ್ದಿಗೆ ಕಿವಿಗೊಟ್ಟವಳಂತೆ ಇರುವಳು. ಪ್ರತಿ ಸಲವೂ ಎದ್ದು ತಿರುಗಿ ನೋಡುವ ಮುಂಚೆ ಉಸಿರು ಹಿಡಿಯುವಳು. ರಕ್ತ ಕಾಣಲಿಲ್ಲ. ಮುಂದಿನ ತಿಂಗಳೂ ಕಾಣಲಿಲ್ಲ. 

ಮೊದಮೊದಲು ಜಾನಕಮ್ಮ ಹೊಸಿಲಿನ ಒಳಗೆ ನಿಂತು ಕಣ್ಣಿನಲ್ಲೇ ಕೇಳುತ್ತಿದ್ದರು. ಒಂದು ದಿನ ವಿಶ್ವನಾಥ ಕಾಫಿ ಕುಡಿಯುತ್ತಾ ಅಲ್ಲೇ ಕೂತಿರುವಾಗ, ಬಾಯಿಬಿಟ್ಟು, "ಏನೇ, ಹೇಗಿದೆ ಇವತ್ತು? ಹಿಂದುಗಡೆ ಏನಾದ್ರೂ ಹೋಯ್ತಾ?" ಎಂದರು. 

ವಿಶ್ವನಾಥ ಲೋಟ ಕೆಳಗಿಟ್ಟ.

"ಹೊಟ್ಟೆ ನೋಯ್ತಿದೆ ಅತ್ತೆ, ನಿನ್ನೆಗಿಂತ ಜಾಸ್ತಿ. ರಕ್ತ ಇಲ್ಲ," ಎಂದಳು ವಾಸಂತಿ. 

"ನೋವು ಇದೇ ಥರ ಇದ್ರೆ ನಾಳೆ ಹೋಗಿ ತೋರಿಸ್ಕೊಂಡು ಬರೋಣ. ನಾನೂ ಬರ್ತೀನಿ," ಎಂದರು ಜಾನಕಮ್ಮ. ಮರುದಿನ ನೋವು ತಗ್ಗಿತ್ತು. ಆದರೂ ಮೂವರೂ ಬಸ್ಸು ಹತ್ತಿ ಹೋಗಿ ತೋರಿಸಿಕೊಂಡು ಬಂದರು.